ಮನೆ ಜೊತೆಗೆ ಬಂದ ಬಾಡಿಗೆಯವರು

(ಬಳ್ಳಾರಿಯ ಗಾಂಧಿನಗರದಲ್ಲಿ ನಿವೃತ್ತ ನೌಕರರ ಒಂದು ಸಣ್ಣ ಕೂಟದಲ್ಲಿ ಶನಿವಾರ ಸಂಜೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಹೇಳಲು ಮರೆತದ್ದನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಫ್ಯಾನಿನ ಸದ್ದು ಜಾಸ್ತಿ ಇದೆ. ಹಿಂದೆ ಕೂತವರಿಗೆ ಕೇಳಿಸದಿದ್ದರೆ ಕೈ ಎತ್ತಿ, ನಾನೇ ಹತ್ತಿರ ಬರುತ್ತೇನೆ. ಏಪ್ರಿಲ್ ತಿಂಗಳಲ್ಲಿ ಬಳ್ಳಾರಿಯವರಿಗೆ ಫ್ಯಾನ್ ಆರಿಸಿ ಅನ್ನುವಷ್ಟು ಧೈರ್ಯ ನನಗಿಲ್ಲ.

ಆಸ್ತಿ ಕೊಳ್ಳುವಾಗ ಏನೇನು ನೋಡಬೇಕು ಅಂತ ಮಾತಾಡಿ ಎಂದು ನನ್ನನ್ನು ಕರೆದರು. ಅದನ್ನೆಲ್ಲ ಹೇಳಲು ಕೂತರೆ ನಾಳೆ ಬೆಳಗಾಗುತ್ತದೆ. ಹಾಗಾಗಿ ಒಂದೇ ತುಂಡು ಹಿಡಿದುಕೊಂಡು ಬಂದಿದ್ದೇನೆ. ನೀವು ಒಂದು ಮನೆ ನೋಡಿದಿರಿ, ಇಷ್ಟವಾಯಿತು, ರೇಟೂ ಕುದುರಿತು. ಆದರೆ ಅದರಲ್ಲಿ ಯಾರೋ ಬಾಡಿಗೆಗೆ ಇದ್ದಾರೆ. ಅವರು ನಿಮ್ಮನ್ನು ಆರಿಸಿಕೊಂಡಿಲ್ಲ, ನೀವು ಅವರನ್ನು ಆರಿಸಿಕೊಂಡಿಲ್ಲ. ರಿಜಿಸ್ಟ್ರೇಷನ್ ಆದ ದಿನದಿಂದ ನೀವು ಮಾಲೀಕರು, ಅವರು ನಿಮ್ಮ ಬಾಡಿಗೆಯವರು. ಆಮೇಲೆ?

ನಾನು ವಕೀಲನಲ್ಲ, ಮೊದಲೇ ಹೇಳಿಬಿಡುತ್ತೇನೆ. ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ಒಂದು ಟೇಬಲ್, ಒಂದು ಕುರ್ಚಿ ಹಾಕಿಕೊಂಡು ಮೂವತ್ತು ವರ್ಷ ಪತ್ರ ಬರೆದವನು. ನಮ್ಮ ಜನ ಬಾಂಡ್ ರೈಟರ್ ಅನ್ನುತ್ತಾರೆ. ಮೊದಲು ಕೈಯಲ್ಲಿ ಬರೆದೆ, ಆಮೇಲೆ ಟೈಪಿಂಗ್ ಬಂತು, ಕೊನೆಗೆ ಕಂಪ್ಯೂಟರ್. ಈ ಮೂರರಲ್ಲೂ ಬದಲಾಗದ ಒಂದು ಸಾಲು ಇತ್ತು. ಕ್ರಯಪತ್ರ ತೆಗೆದು ನೋಡಿದರೆ ನಿಮ್ಮಲ್ಲಿ ತುಂಬಾ ಜನಕ್ಕೆ ಸಿಗುತ್ತದೆ: "ಸದರಿ ಸ್ವತ್ತಿನ ಖಾಲಿ ಸ್ವಾಧೀನವನ್ನು ಈ ದಿವಸವೇ ನಿಮಗೆ ಬಿಟ್ಟುಕೊಟ್ಟಿರುತ್ತೇನೆ."

ಖಾಲಿ ಸ್ವಾಧೀನ. ಮನೆಯೊಳಗೆ ಒಂದು ಸಂಸಾರ ರೊಟ್ಟಿ ಬಡಿಯುತ್ತಾ ಕೂತಿರುತ್ತದೆ. ಹೊರಗೆ ನಾವು ಖಾಲಿ ಸ್ವಾಧೀನ ಅಂತ ಬರೆಯುತ್ತೇವೆ. ಕೊಳ್ಳುವವರೂ ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ. ನಾನು ಈ ಸಾಲನ್ನು ಎಷ್ಟು ಸಾವಿರ ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಕೊನೆಗೆ ನನ್ನ ಮನೆಯ ಪತ್ರದಲ್ಲೂ ಬರೆದುಕೊಂಡೆ.

ಅದು 2009. ಸತ್ಯನಾರಾಯಣಪೇಟೆಯ ಹಿಂದಿನ ಒಂದು ಓಣಿಯಲ್ಲಿ ಹಳೇ ಮನೆ. ಮೂರು ಪೋರ್ಷನ್. ಮುಂದೆ ರಸ್ತೆಗೆ ಒಂದು ಕೋಣೆ, ಅದರಲ್ಲಿ ನಾಲ್ಕು ಮಶೀನ್ ಹಾಕಿಕೊಂಡು ಜೀನ್ಸ್ ಹೊಲಿಯುತ್ತಿದ್ದರು. ಮೇಲೆ ಒಂದು ಸಂಸಾರ. ಹಿತ್ತಲ ಕಡೆ ಒಬ್ಬ ಅಜ್ಜಿ ಮತ್ತು ಅವರ ಮಗಳು. ಮಾರುವವರು ಹೇಳಿದ್ದು ಒಂದೇ ಮಾತು: "ಅವರದೇನು ಚಿಂತಿ ಬ್ಯಾಡ್ರಿ ಸಾರ್, ನಾನು ಹೇಳಿದ್ರೆ ಎದ್ದು ಹೋಗ್ತಾರೆ." ಇಸಿ ತೆಗೆಸಿದೆ. ಅದೇ, ಋಣಭಾರ ಪತ್ರ. ಏನೂ ಇಲ್ಲ, ಚೊಕ್ಕಟವಾಗಿತ್ತು. ಪತ್ರ ನಾನೇ ಬರೆದೆ. ಬೇರೆಯವರಿಗೆ ಯಾಕೆ ದುಡ್ಡು ಕೊಡಬೇಕು ಅಂತ.

ರಿಜಿಸ್ಟ್ರೇಷನ್ ಆದ ಮೇಲೆ ಒಂದು ಭಾನುವಾರ ಪೇಡೆ ಡಬ್ಬಿ ಹಿಡಿದುಕೊಂಡು ಪರಿಚಯ ಮಾಡಿಕೊಳ್ಳಲು ಹೋದೆ. ಮೇಲಿನ ಮನೆಯ ಹೆಣ್ಣುಮಗಳು ಪೇಡೆ ತಗೊಂಡರು, ಕೂಡಿಸಿದರು, ನೀರು ಕೊಟ್ಟರು. ಆಮೇಲೆ ಕೇಳಿದರು: "ಹಂಗಾರೆ ನಮ್ಮ ದುಡ್ಡು ಈಗ ನಿಮ್ಮ ಹತ್ರ ಐತೇನ್ರಿ ಅಣ್ಣಾ?"

"ಯಾವ ದುಡ್ಡು ತಂಗಿ?"

ಅವರು ಒಳಗೆ ಹೋಗಿ ಬೀರುವಿನಿಂದ ನಾಲ್ಕು ಮಡಿಕೆ ಮಾಡಿದ ಒಂದು ಛಾಪಾ ಕಾಗದ ತಂದರು. ಭೋಗ್ಯದ ಕರಾರು. ಒಂದೂವರೆ ಲಕ್ಷ ಕೊಟ್ಟಿದ್ದಾರೆ, ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಪೂರ್ತಿ ದುಡ್ಡು ವಾಪಸ್. ಮಾರಿದವರ ಸಹಿ ಇದೆ. ಓದುತ್ತಾ ಓದುತ್ತಾ ನನಗೆ ಅಕ್ಷರ ಗುರುತು ಸಿಕ್ಕಿತು. ನನ್ನ ಪಕ್ಕದ ಟೇಬಲ್‌ನವನ ಕೈಬರಹ! ನಾನು ಕೂತಲ್ಲಿಂದ ನಾಲ್ಕಡಿ ದೂರದಲ್ಲಿ ತಯಾರಾದ ಕಾಗದ ಅದು. ನಾನು ಬಳ್ಳಾರಿಯ ಇಸಿ ಎಲ್ಲ ತೆಗೆಸಿ ನೋಡಿದ್ದೆ. ಮೆಟ್ಟಿಲು ಹತ್ತಿ ಒಂದು ಮಾತು ಕೇಳಿರಲಿಲ್ಲ.

(ಇಲ್ಲಿ ಎಲ್ಲರೂ ನಕ್ಕರು. ನಾನೂ ಈಗ ನಗುತ್ತೇನೆ, ಆಗ ನಕ್ಕಿರಲಿಲ್ಲ.)

ಇಸಿಯಲ್ಲಿ ಯಾಕೆ ಬರಲಿಲ್ಲ? ಅದು ರಿಜಿಸ್ಟರ್ ಆಗಿರಲಿಲ್ಲ, ಅಷ್ಟೇ. ಇಸಿ ಎನ್ನುವುದು ರಿಜಿಸ್ಟರ್ ಆದ ಪತ್ರಗಳ ಪಟ್ಟಿ. ಸ್ವಾಧೀನ ಕೊಟ್ಟು ಮಾಡುವ ಭೋಗ್ಯ ನಿಜವಾಗಿ ಅಡಮಾನದ ಒಂದು ಬಗೆ. ಅದನ್ನು ರಿಜಿಸ್ಟರ್ ಮಾಡಿಸಬೇಕು ಅಂತ ಕಾನೂನೇ ಹೇಳುತ್ತದೆ. ಆದರೆ ನಮ್ಮ ಕಡೆ ಬಹಳ ಜನ ಮಾಡಿಸುವುದಿಲ್ಲ. ಛಾಪಾ ಕಾಗದ, ಇಬ್ಬರು ಸಾಕ್ಷಿ, ಮುಗಿಯಿತು. ಬಾಡಿಗೆ ಕರಾರು ಒಂದು ವರ್ಷ ಮೀರಿದರೆ ರಿಜಿಸ್ಟರ್ ಆಗಬೇಕು. ಅದನ್ನು ತಪ್ಪಿಸಲೆಂದೇ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಅದೂ ಇಸಿಯಲ್ಲಿ ಕಾಣುವುದಿಲ್ಲ. ಬ್ಯಾಂಕು, ಎಟಿಎಂ, ಆಸ್ಪತ್ರೆಯಂಥವರು ಹತ್ತು ಹದಿನೈದು ವರ್ಷಕ್ಕೆ ಬರೆಸಿಕೊಂಡದ್ದು ಮಾತ್ರ ಕಾಣುತ್ತದೆ. ಹಾಗೆ ಅವಧಿ ಗೊತ್ತುಮಾಡಿದ ರಿಜಿಸ್ಟರ್ಡ್ ಕರಾರು ಇದ್ದರೆ, ಅದರೊಳಗೆ ಬೇರೆ ಷರತ್ತು ಇಲ್ಲದ ಹೊರತು, ಆ ಅವಧಿ ಮುಗಿಯುವವರೆಗೆ ಹೊಸ ಮಾಲೀಕರೂ ಕಾಯಬೇಕು.

ಮಾರಿದವರಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಅವರು ಮಗನ ಹತ್ತಿರ ಹೈದರಾಬಾದಿಗೆ ಹೋಗಿದ್ದರು. "ನೀವೇ ಪತ್ರ ಬರೆಯೋರು, ನೋಡ್ಕಳದಲ್ವಾ ಸಾರ್" ಅಂದರು. ಸಿಟ್ಟು ಬಂತು. ಆದರೆ ಮಾತು ಸುಳ್ಳಲ್ಲ.

ಒಬ್ಬ ಹಿರಿಯ ವಕೀಲರ ಹತ್ತಿರ ಹೋದೆ. ಅವರು ಎರಡು ವಿಷಯ ಹೇಳಿದರು. ಅವೆರಡನ್ನು ನಿಮಗೆ ದಾಟಿಸಿದರೆ ಈ ಸಂಜೆಯ ನನ್ನ ಕೆಲಸ ಅರ್ಧ ಮುಗಿದಂತೆ.

ಎರಡೂ ಇರುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ. ಇಂಗ್ಲಿಷರ ಕಾಲದ್ದು, ಈಗಲೂ ನಡೆಯುತ್ತಿದೆ. ಅದರ ಮೂರನೇ ಸೆಕ್ಷನ್ನಿನ ಒಂದು ವಿವರಣೆ ಹೀಗೆ ಹೇಳುತ್ತದೆ: ನೀವು ಕೊಳ್ಳುವ ಸ್ವತ್ತಿನಲ್ಲಿ ನಿಜವಾಗಿ ಯಾರು ವಾಸ ಇದ್ದಾರೋ, ಅವರ ಹಕ್ಕು ಏನೇ ಇರಲಿ, ಅದು ನಿಮಗೆ ಗೊತ್ತಿತ್ತು ಅಂತಲೇ ಲೆಕ್ಕ. "ನನಗೆ ಗೊತ್ತಿರಲಿಲ್ಲ ಸ್ವಾಮಿ" ಅಂದರೆ ಕೋರ್ಟ್ ಕೇಳುತ್ತದೆ, ಬಾಗಿಲು ತಟ್ಟಿ ಕೇಳಲು ಏನಾಗಿತ್ತು? ಮನೆಯೊಳಗೆ ದೀಪ ಉರಿಯುತ್ತಿದ್ದದ್ದೇ ನಿಮಗೆ ಕೊಟ್ಟ ನೋಟಿಸ್. ಈ ವಿವರಣೆ ಎಷ್ಟು ಆಳಕ್ಕೆ ಹೋಗುತ್ತದೆ ನೋಡಿ. ಹಳೇ ಮಾಲೀಕರು ಆ ಬಾಡಿಗೆಯವರಿಗೇ ಮನೆ ಮಾರುತ್ತೇನೆ ಅಂತ ಅಡ್ವಾನ್ಸ್ ತಗೊಂಡು ಅಗ್ರಿಮೆಂಟ್ ಮಾಡಿಕೊಟ್ಟಿರಬಹುದು. ಆ ಕಾಗದ ನಿಮ್ಮ ಕಣ್ಣಿಗೆ ಬಿದ್ದಿರದಿದ್ದರೂ ಅದರ ಬಿಸಿ ನಿಮಗೆ ತಟ್ಟುತ್ತದೆ.

ಇನ್ನೊಂದು, ಸೆಕ್ಷನ್ 109. ಬಾಡಿಗೆಗೆ ಕೊಟ್ಟ ಸ್ವತ್ತನ್ನು ಮಾರಿದರೆ, ಹಳೇ ಮಾಲೀಕರ ಹಕ್ಕುಗಳೆಲ್ಲ ಹೊಸ ಮಾಲೀಕರಿಗೆ ಬರುತ್ತವೆ. ಬಾಡಿಗೆಯವರು ಬಯಸಿದರೆ ಹಳೆಯವರ ಹೊಣೆಗಳೂ ಹೊಸಬರ ತಲೆಗೆ ಬರುತ್ತವೆ. ಬಾಡಿಗೆಯವರ ಒಪ್ಪಿಗೆ ಇದಕ್ಕೆ ಬೇಕಿಲ್ಲ. "ನಾನು ನಿಮ್ಮನ್ನ ಮಾಲೀಕರು ಅಂತ ಒಪ್ಪೋದಿಲ್ಲ" ಅಂತ ಅವರು ಹೇಳುವ ಹಾಗಿಲ್ಲ. "ನಾನು ಹೊಸ ಮಾಲೀಕ, ಹಳೇ ಕರಾರು ಹರಿದುಹೋಯಿತು" ಅಂತ ನೀವೂ ಹೇಳುವ ಹಾಗಿಲ್ಲ. ಮಾಲೀಕರ ಜಾಗದಲ್ಲಿ ಹೆಸರು ಬದಲಾಯಿತು, ಕರಾರು ಅದೇ.

ಇದೇ ಸೆಕ್ಷನ್ನಿನಲ್ಲಿ ಎರಡು ಸಣ್ಣ ಗಂಟುಗಳಿವೆ. ದುಡ್ಡು ಹೋಗುವುದು ಅಲ್ಲೇ.

ಬಾಕಿ ಬಾಡಿಗೆ. ನೀವು ಕೊಳ್ಳುವ ಹೊತ್ತಿಗೆ ಬಾಡಿಗೆಯವರು ಎಂಟು ತಿಂಗಳು ಕೊಟ್ಟಿಲ್ಲ ಅಂದುಕೊಳ್ಳಿ. ಆ ಎಂಟು ತಿಂಗಳ ದುಡ್ಡು ನಿಮ್ಮದಲ್ಲ, ಹಳೇ ಮಾಲೀಕರದ್ದು. ನಿಮಗೆ ಬರಬೇಕೆಂದರೆ ಪತ್ರದಲ್ಲಿ ಹಾಗೆಂದು ಬರೆಸಿಕೊಳ್ಳಬೇಕು. ಬರೆಸದೆ ಹೋಗಿ "ಎಂಟು ತಿಂಗಳು ಬಾಕಿ ಇದೆ, ಖಾಲಿ ಮಾಡಿ" ಎಂದರೆ ಮಾತು ನಿಲ್ಲುವುದಿಲ್ಲ.

ಇನ್ನೊಂದು ಗಂಟು, ಮನೆ ಮಾರಾಟವಾದದ್ದು ಬಾಡಿಗೆಯವರಿಗೆ ತಿಳಿಯದೆ ಹೋಗುವುದು. ಗೊತ್ತಿಲ್ಲದೆ ಅವರು ಹಳೇ ಮಾಲೀಕರಿಗೇ ಬಾಡಿಗೆ ಕೊಟ್ಟರೆ, ಎರಡನೇ ಸಲ ನಿಮಗೆ ಕೊಡಬೇಕಾಗಿಲ್ಲ. ಈಗ ಇದು ಇನ್ನೂ ಸುಲಭವಾಗಿ ಆಗುತ್ತದೆ. ಮೊದಲಾದರೆ ಮಾಲೀಕರು ಐದನೇ ತಾರೀಕು ಬಾಗಿಲಿಗೆ ಬರುತ್ತಿದ್ದರು, ಮುಖ ಬದಲಾದದ್ದು ಕಾಣುತ್ತಿತ್ತು. ಈಗ ಫೋನ್‌ಪೇ. ಅದೇ ನಂಬರ್, ಅದೇ ಬಟನ್. ನಾಲ್ಕು ತಿಂಗಳು ಹಳಬರ ಖಾತೆಗೆ ಹೋಗಿರುತ್ತದೆ, ಹಳಬರು ಸುಮ್ನೆ ಇದ್ದುಬಿಡುತ್ತಾರೆ. ಆದ್ದರಿಂದ ರಿಜಿಸ್ಟ್ರೇಷನ್ ಆದ ವಾರದೊಳಗೆ ಒಂದು ಪತ್ರ ಬರೆದು ಕೊಡಿ. ಇಂಥ ದಿನ ಮನೆ ಕೊಂಡಿದ್ದೇನೆ, ಇನ್ನು ಮುಂದೆ ಬಾಡಿಗೆ ನನಗೆ, ಈ ಖಾತೆಗೆ. ಜೊತೆಗೆ ಕ್ರಯಪತ್ರದ ನಕಲು. ಕೈಯಲ್ಲಿ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್. ಹಳೇ ಮಾಲೀಕರಿಂದಲೂ ಒಂದು ಸಾಲು ಬರೆಸಿದರೆ ಇನ್ನೂ ಒಳ್ಳೆಯದು.

ಇದೆಲ್ಲ ರಿಜಿಸ್ಟ್ರೇಷನ್ ಆದ ಮೇಲೆ ಮಾಡುವ ಕೆಲಸ. ಅದಕ್ಕಿಂತ ಮೊದಲು, ನೀವು ಟೋಕನ್ ಅಡ್ವಾನ್ಸ್ ಕೊಡುವುದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ನನ್ನ ಒಂದೂವರೆ ಲಕ್ಷ ಕಲಿಸಿದ್ದು ಅದನ್ನೇ. ಬಾಡಿಗೆಯವರ ಜೊತೆ ಕೂತು ಒಂದು ಹಾಳೆ ಬರೆಯಿರಿ. ಮಾರುವವರನ್ನು ಜೊತೆಗೆ ಕರೆದುಕೊಂಡೇ ಹೋಗಿ, ಕದ್ದು ಹೋಗಬೇಡಿ. ಆ ಹಾಳೆಯಲ್ಲಿ ಬಾಡಿಗೆಯವರು ತಮ್ಮ ಬಾಯಿಂದ ಹೇಳಬೇಕು: ಯಾವಾಗಿಂದ ಇದ್ದೇವೆ, ಬಾಡಿಗೆ ಎಷ್ಟು, ಯಾವ ತಿಂಗಳವರೆಗೆ ಕೊಟ್ಟಿದ್ದೇವೆ, ಅಡ್ವಾನ್ಸ್ ಎಷ್ಟು ಇಟ್ಟಿದ್ದೇವೆ, ಭೋಗ್ಯ ಇದೆಯೋ ಇಲ್ಲವೋ, ಕರಾರು ಬರೆದದ್ದೋ ಬಾಯಿಮಾತೋ, ಮನೆ ಕೊಳ್ಳುವ ಬಗ್ಗೆ ಯಾವ ಅಗ್ರಿಮೆಂಟೂ ಇಲ್ಲ, ಒಳಗೆ ಬೇರೆ ಯಾರಿಗೂ ಮರುಬಾಡಿಗೆ ಕೊಟ್ಟಿಲ್ಲ. ಕೆಳಗೆ ಅವರ ಸಹಿ, ಮಾರುವವರ ಸಹಿ.

ಇದರಲ್ಲಿ ಬರುವ ತಮಾಷೆ ನೋಡಿ. ಮಾರುವವರು ಬಾಡಿಗೆ ಹತ್ತು ಸಾವಿರ ಅಂದಿರುತ್ತಾರೆ. ಯಾಕೆಂದರೆ ಬಾಡಿಗೆ ಜಾಸ್ತಿ ಇದ್ದರೆ ಮನೆಯ ರೇಟೂ ಜಾಸ್ತಿ. ಬಾಡಿಗೆಯವರು ಆರು ಸಾವಿರ ಅನ್ನುತ್ತಾರೆ. ಇಬ್ಬರೂ ನಿಮ್ಮ ಮುಂದೆ ಕೂತಿರುತ್ತಾರೆ. ಅಲ್ಲೇ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನಾನು ಆಮೇಲೆ ಬೇರೆಯವರಿಗೆ ಇಂಥ ಹಾಳೆ ಬರೆದುಕೊಡುವಾಗ ಈ ಹತ್ತು ನಿಮಿಷ ಪೆನ್ನು ಕೆಳಗಿಟ್ಟು ಸುಮ್ನೆ ಕೂರುತ್ತಿದ್ದೆ. ನಿಜ ತಾನಾಗಿಯೇ ಹೊರಗೆ ಬರುತ್ತಿತ್ತು.

ಮಾರುವವರು "ಅವರನ್ನ ಯಾಕೆ ಮಾತಾಡಿಸ್ತೀರಿ, ಸುಮ್ನೆ ಗಾಬರಿ ಆಗ್ತಾರೆ" ಅಂದರೆ? ಆ ಮನೆಯ ಆಸೆ ಬಿಟ್ಟುಬಿಡಿ ಎಂಬುದು ನನ್ನ ಅಭಿಪ್ರಾಯ. ಇದು ಕಾನೂನಲ್ಲ, ನನ್ನ ಮಾತು.

ಅಡ್ವಾನ್ಸ್ ಯಾರು ವಾಪಸ್ ಕೊಡಬೇಕು ಅಂತ ದೊಡ್ಡ ಜಗಳ ಆಗುತ್ತದೆ. ತಗೊಂಡವರು ಹಳಬರು, ಖಾಲಿ ಮಾಡಿಸಿಕೊಳ್ಳುವವರು ನೀವು. ಜಗಳಕ್ಕೆ ಜಾಗವೇ ಕೊಡಬೇಡಿ. ಹಾಳೆಯಲ್ಲಿ ಬರೆದ ಅಡ್ವಾನ್ಸ್ ಮೊತ್ತವನ್ನು ಕ್ರಯದ ಹಣದಲ್ಲಿ ಮುರಿದುಕೊಳ್ಳಿ. ಹೀಗೆ ಮುರಿದಿದ್ದೇವೆ, ಇನ್ನು ಅದರ ಹೊಣೆ ಕೊಳ್ಳುವವರದ್ದು ಅಂತ ಪತ್ರದಲ್ಲೇ ಬರೆಸಿ. ಅಂಗಡಿಗಳಲ್ಲಿ ಗುಡ್‌ವಿಲ್ ಅಂತ ಇನ್ನೊಂದಿದೆ, ಹಳಬರು ಪಗಡಿ ಅನ್ನುತ್ತಾರೆ, ಅಂಗಡಿ ಹಿಡಿಯುವಾಗ ಬಾಡಿಗೆಯ ಹೊರತಾಗಿ ಕೈಗೆ ಕೊಟ್ಟ ದುಡ್ಡು. ಬ್ರೂಸ್‌ಪೇಟೆಯ ಕಡೆ ಹಳೇ ಮಳಿಗೆ ಕೊಳ್ಳುವವರು ಇದನ್ನು ಬಾಯಿಬಿಟ್ಟು ಕೇಳಲೇಬೇಕು. ಕಾಗದದ ಮೇಲೆ ಅದು ಎಲ್ಲೂ ಇರುವುದಿಲ್ಲ. ಮಾತು ಬಂದಾಗ ಮಾತ್ರ ಲಕ್ಷಗಳಲ್ಲಿ ಇರುತ್ತದೆ.

ಈಗ ಮುಂದಿನ ಕೋಣೆಯ ಜೀನ್ಸ್ ವಿಷಯ. ಇದು ಬಳ್ಳಾರಿಗೇ ವಿಶೇಷ. ಕೌಲ್ ಬಜಾರಿನಿಂದ ಹಿಡಿದು ಎಷ್ಟು ಮನೆಗಳಲ್ಲಿ ಹೊಲಿಗೆ ಮಶೀನು ನಡೆಯುತ್ತವೆ ಅಂತ ನಿಮಗೇ ಗೊತ್ತು. ವಾಸಕ್ಕೆ ಅಂತ ಬಾಡಿಗೆ ಕೊಟ್ಟದ್ದು, ಹೋಗಿ ನೋಡಿದರೆ ಹೊಲಿಗೆ ಯೂನಿಟ್. ಮೊದಲು ಮೀಟರ್ ನೋಡಿ. ಜೆಸ್ಕಾಂ ಬಿಲ್ಲಿನಲ್ಲಿ ಅದು ಮನೆಯ ಮೀಟರೋ ಅಲ್ಲವೋ ಬರೆದಿರುತ್ತದೆ. ಮನೆಯ ಮೀಟರಿನಲ್ಲಿ ಯೂನಿಟ್ ನಡೆಸಿದ್ದು ಸಿಕ್ಕಿಬಿದ್ದರೆ ದಂಡದ ತಲೆನೋವು ಆ ಮೀಟರಿನ ಆರ್‌ಆರ್ ನಂಬರಿಗೇ ಅಂಟಿಕೊಳ್ಳುತ್ತದೆ. ಹಳೇ ಕರೆಂಟ್ ಬಾಕಿಯನ್ನು ಹೊಸ ಮಾಲೀಕರಿಂದ ವಸೂಲಿ ಮಾಡಲು ನಿಯಮ ಇದ್ದರೆ ಕಂಪನಿಗಳು ಮಾಡಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಕೊನೆಯ ಬಿಲ್ಲು, ಕಟ್ಟಿದ ರಸೀದಿ ಎರಡೂ ಕೇಳಿ ಇಸಿದುಕೊಳ್ಳಿ. ಗೃಹಜ್ಯೋತಿಯದ್ದೂ ಒಂದು ಸಣ್ಣ ಕೆಲಸ ಇದೆ. 200 ಯೂನಿಟ್‌ವರೆಗಿನ ಆ ಉಚಿತ ಕರೆಂಟಿನ ಸೌಲಭ್ಯ ಬಾಡಿಗೆಯವರಿಗೂ ಸಿಗುತ್ತದೆ, ಅವರ ಆಧಾರ್ ನಿಮ್ಮ ಆರ್‌ಆರ್ ನಂಬರಿಗೆ ಜೋಡಿಸಿರುತ್ತದೆ. ಅವರು ಇರುವಷ್ಟು ದಿನ ಇರಲಿ. ಬಿಟ್ಟು ಹೋಗುವಾಗ ಬಿಡಿಸಿ ಹೋಗಲು ಹೇಳಿ. ಇಲ್ಲದಿದ್ದರೆ ಮುಂದೆ ಬರುವವರು ಪರದಾಡುತ್ತಾರೆ.

ಹೊಲಿಗೆ ಯೂನಿಟ್ ಇದ್ದರೆ ನೋಟಿಸಿನ ಲೆಕ್ಕವೂ ಬೇರೆ. ಬೇರೆ ಕರಾರು ಇಲ್ಲದಿದ್ದರೆ ಮನೆ, ಅಂಗಡಿ ಇವು ತಿಂಗಳ ಬಾಡಿಗೆ, 15 ದಿನದ ನೋಟಿಸ್ ಸಾಕು. ತಯಾರಿಕೆಗೆ ಕೊಟ್ಟದ್ದಾದರೆ ವರ್ಷದ ಬಾಡಿಗೆ, ಆರು ತಿಂಗಳ ನೋಟಿಸ್. ಹಾಗಂತ ಸೆಕ್ಷನ್ 106 ಹೇಳುತ್ತದೆ. ರಿಜಿಸ್ಟರ್ಡ್ ಕರಾರು ಇಲ್ಲದಿದ್ದರೆ ಇದನ್ನೂ ತಿಂಗಳ ಬಾಡಿಗೆ ಅಂತಲೇ ನೋಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದುಂಟು. ಆದರೂ ಎದುರಿನ ವಕೀಲರು ಈ ತಕರಾರು ಎತ್ತಿಯೇ ಎತ್ತುತ್ತಾರೆ. ನನ್ನ ಮುಂದಿನ ಕೋಣೆಯವರಿಗೆ ನಾನು ಆರು ತಿಂಗಳೇ ಕೊಟ್ಟೆ. ಅವರಿಗೂ ಬೇರೆ ಜಾಗ ಹುಡುಕಲು, ನಾಲ್ಕು ಮಶೀನ್ ಸಾಗಿಸಲು, ಹಬ್ಬದ ಆರ್ಡರ್ ಮುಗಿಸಲು ಟೈಮ್ ಬೇಕಿತ್ತು. ಐದನೇ ತಿಂಗಳಲ್ಲೇ ಹೋದರು.

15 ದಿನದ ನೋಟಿಸ್ ಅಂದೆ. 16ನೇ ದಿನ ಬೀಗದ ಕೈ ಸಿಗುತ್ತದೆ ಅಂತ ಯಾರೂ ತಿಳಿಯಬೇಡಿ. ನೋಟಿಸ್ ಅವಧಿ ಮುಗಿದ ಮೇಲೂ ಅವರು ಹೋಗದಿದ್ದರೆ ಕೋರ್ಟಿಗೆ ಹೋಗಬೇಕು. ನಿಮಗಿರುವ ದಾರಿ ಅದೊಂದೇ. ಅವರು ಊರಿಗೆ ಹೋದಾಗ ಬೀಗ ಹಾಕುವುದು, ನೀರಿನ ಮೋಟಾರಿನ ವೈರ್ ಕೀಳುವುದು, ಈ ಬುದ್ಧಿ ಹೇಳಿಕೊಡುವವರು ಓಣಿಗೊಬ್ಬರು ಇರುತ್ತಾರೆ. ಮೊದಲೇ ದಿನಾ ನೀರು ಬರದ ಊರು ನಮ್ಮದು, ಅದರಲ್ಲಿ ಸಂಪಿನ ನೀರು ನಿಲ್ಲಿಸಿದರೆ ಹೇಗಿರುತ್ತದೆ ಯೋಚನೆ ಮಾಡಿ. ಕಾನೂನಿನ ಮಾತು ಏನೆಂದರೆ, ಒಪ್ಪಿಗೆ ಇಲ್ಲದೆ, ಕೋರ್ಟಿನ ದಾರಿಯೂ ಇಲ್ಲದೆ ಯಾರನ್ನಾದರೂ ಹೊರಗೆ ಹಾಕಿದರೆ, ಅವರು ಆರು ತಿಂಗಳೊಳಗೆ ದಾವೆ ಹೂಡಿ ವಾಪಸ್ ಒಳಗೆ ಬರಬಹುದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಆರನೇ ಸೆಕ್ಷನ್. ಅಲ್ಲಿ ಮಾಲೀಕರು ಯಾರು ಎಂಬ ಪ್ರಶ್ನೆಯೇ ಬರುವುದಿಲ್ಲ. ನಿಮ್ಮ ಕ್ರಯಪತ್ರ ಜೇಬಿನಲ್ಲೇ ಇರುತ್ತದೆ.

ಈ ಹೊತ್ತಿಗೆ ಒಬ್ಬರು ಎದ್ದು ಕೇಳಿದರು: "ಹನ್ನೆರಡು ವರ್ಷ ಇದ್ದರೆ ಮನಿ ಅವರದೇ ಆಗುತ್ತಂತಲ್ರಿ?"

ಈ ಪ್ರಶ್ನೆ ಬಾರದ ಸಭೆಯನ್ನೇ ನಾನು ನೋಡಿಲ್ಲ. ಆಗುವುದಿಲ್ಲ ಸರ್. ಬಾಡಿಗೆಯವರು ಒಳಗೆ ಬಂದದ್ದು ನಿಮ್ಮ ಅನುಮತಿಯಿಂದ. ಅನುಮತಿಯಿಂದ ಬಂದವರು ಹನ್ನೆರಡಲ್ಲ, ನಲವತ್ತು ವರ್ಷ ಇದ್ದರೂ ಬಾಡಿಗೆಯವರೇ. ಬಾಡಿಗೆ ಶುರುವಾದಾಗ ಮಾಲೀಕರಿಗೆ ಹಕ್ಕೇ ಇರಲಿಲ್ಲ ಅಂತ ಬಾಡಿಗೆಯವರು ಹೇಳುವ ಹಾಗಿಲ್ಲ ಎಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಇದೆ. ಆದರೆ ಈ ಭಯಕ್ಕೆ ಒಂದು ಬೇರು ಇದೆ. ಎಷ್ಟೋ ವರ್ಷ ಬಾಡಿಗೆ ವಸೂಲಿ ಮಾಡಿಲ್ಲ, ರಸೀದಿ ಇಲ್ಲ, ಕರಾರು ಇಲ್ಲ. ಆಗ ಅವರು ಬಾಡಿಗೆಯವರು ಎಂದು ತೋರಿಸುವುದೇ ನಿಮಗೆ ಕಷ್ಟ. ಅದಕ್ಕೇ ಹೊಸ ಮಾಲೀಕರು ಮೊದಲನೇ ತಿಂಗಳೇ ತಮ್ಮ ಹೆಸರಿನಲ್ಲಿ ಬಾಡಿಗೆ ತಗೊಂಡು ರಸೀದಿ ಕೊಟ್ಟುಬಿಡಬೇಕು. ಐನೂರು ರೂಪಾಯಿಯ ರಸೀದಿಯಾದರೂ ಸರಿ.

ಬಾಡಿಗೆ ಕಾಯ್ದೆಯ ಬಗ್ಗೆ ಇನ್ನೊಬ್ಬರು ಕೇಳಿದರು. ಅದನ್ನು ಸ್ವಲ್ಪದರಲ್ಲಿ ಹೇಳುತ್ತೇನೆ, ಹಿಂದಿನ ಕಥೆಯೇ ಸ್ವಾರಸ್ಯ. ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು. ರಾಯಚೂರು 1956ರವರೆಗೆ ಹೈದರಾಬಾದಿನಲ್ಲಿತ್ತು. ಕೊಪ್ಪಳ ಆಗ ರಾಯಚೂರು ಜಿಲ್ಲೆಯೊಳಗೇ ಇತ್ತು. ಹಾಗಾಗಿ ಇಲ್ಲಿಗೊಂದು ಬಾಡಿಗೆ ಕಾನೂನು, ತುಂಗಭದ್ರೆಯ ಆಚೆ ಇನ್ನೊಂದು. 1961ರ ಕಾಯ್ದೆ ಬಂದ ಮೇಲೆ ಎಲ್ಲ ಒಂದಾಯಿತು. ಆಮೇಲೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಅದು ಜಾರಿಗೆ ಬಂದದ್ದು 2001ರ ಡಿಸೆಂಬರ್ 31ಕ್ಕೆ. ರಾಯಚೂರಿನಲ್ಲಿ ಒಮ್ಮೆ ಒಂದು ಹಳೇ ಮನೆಯ ವ್ಯವಹಾರಕ್ಕೆ ಹೋಗಿದ್ದೆ. ಬಾಡಿಗೆಯವರು ಅವರ ತಾತನ ಕಾಲದ ಕಾಗದ ತಂದು ತೋರಿಸಿದರು. ಉರ್ದುವಿನಲ್ಲಿತ್ತು. ಮಾರುವವರಿಗೂ ಓದಲು ಬರಲಿಲ್ಲ, ಕೊಳ್ಳುವವರಿಗೂ ಬರಲಿಲ್ಲ, ನನಗಂತೂ ಮೊದಲೇ ಬರುವುದಿಲ್ಲ. ಮಸೀದಿ ಹತ್ತಿರದ ಒಬ್ಬ ಹಿರಿಯರನ್ನು ಕರೆತಂದು ಓದಿಸಿದೆವು. ನೋಡಿದರೆ ಅದು ಬಾಡಿಗೆಯ ಕಾಗದವೇ ಅಲ್ಲ, ಯಾರದೋ ಸಾಲದ ಚೀಟಿ! ಮೂರು ತಲೆಮಾರು ಜೋಪಾನವಾಗಿ ಇಟ್ಟಿದ್ದರು.

1999ರ ಕಾಯ್ದೆ ಎಲ್ಲಾ ಬಾಡಿಗೆಗೂ ಅನ್ವಯಿಸುವುದಿಲ್ಲ. ಊರಿನ ವರ್ಗ ನೋಡಿ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆ ಅದರ ಹೊರಗೆ. ವ್ಯಾಪಾರದ ಜಾಗ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರಿದರೆ ಅದೂ ಹೊರಗೆ. ಹೊರಗೆ ಬಿದ್ದವರಿಗೆಲ್ಲ ಆ 1882ರ ಕಾಯ್ದೆ, ನೋಟಿಸ್, ಸಿವಿಲ್ ಕೋರ್ಟ್. ಒಳಗೆ ಇರುವವರು ಯಾರು? ಹಳೇ ಕಾಲದ ಕಡಿಮೆ ಬಾಡಿಗೆಯವರು, ಎಂಟು ಹತ್ತು ಅಡಿಯ ಅಂಗಡಿಗಳು. ಇವರನ್ನು ಸುಮ್ನೆ ನೋಟಿಸ್ ಕೊಟ್ಟು ಕಳಿಸಲಾಗದು. ಕಾಯ್ದೆಯಲ್ಲಿ ಬರೆದ ಕಾರಣ ಬೇಕು: ಬಾಡಿಗೆ ಬಾಕಿ, ಮರುಬಾಡಿಗೆ, ಇಲ್ಲವೇ ನಿಮಗೇ ನಿಜವಾಗಿ ಮನೆ ಬೇಕಾಗಿದೆ ಎಂಬಂಥವು. ಬಾಡಿಗೆಯವರು ತೀರಿಕೊಂಡರೆ ಜೊತೆಗೆ ವಾಸ ಇದ್ದ ಹೆಂಡತಿ, ಗಂಡ, ಮಕ್ಕಳಿಗೆ ಐದು ವರ್ಷದವರೆಗೆ ಆ ಹಕ್ಕು ಹೋಗುತ್ತದೆ. ಕೊಳ್ಳುವ ಮೊದಲು ನಿಮ್ಮ ಬಾಡಿಗೆಯವರು ಈ ಗೆರೆಯ ಯಾವ ಕಡೆ ಇದ್ದಾರೆ ಅಂತ ವಕೀಲರನ್ನು ಕೇಳಿ. ಅವರ ಫೀಸು ದಂಡ ಅಲ್ಲ.

ನನ್ನ ಹಿತ್ತಲಿನ ಅಜ್ಜಿ ಈ ಗೆರೆಯ ಒಳಗೇ ಇದ್ದವರು. ಬಾಡಿಗೆ 300 ರೂಪಾಯಿ. ನಾನು ಮೊದಲ ಸಲ ಹೋದಾಗ ಹಣದ ಮಾತು ಎತ್ತುವ ಮೊದಲೇ ಮಾಳಿಗೆ ತೋರಿಸಿದರು. "ನೋಡಪ್ಪಾ, ಇಲ್ಲಿ ಸೋರ್ತತಿ. ಹಳೇ ಸಾವ್ಕಾರಗೆ ಹೇಳಿ ಹೇಳಿ ಸಾಕಾತು. ಇನ್ನ ನಿನಗ ಹೇಳ್ತೀನಿ." ನಾನು ಆ ಮನೆಯ ಮಾಲೀಕ ಆದೆ ಅಂತ ನನಗೆ ಅನ್ನಿಸಿದ್ದು ಸಬ್ ರಿಜಿಸ್ಟ್ರಾರ್ ಮುಂದೆ ಅಲ್ಲ, ಆ ಸೋರುವ ಮೂಲೆಯ ಕೆಳಗೆ ನಿಂತಾಗ. ಮಾಳಿಗೆ ರಿಪೇರಿ ಮಾಡಿಸಿದೆ. ಬಾಡಿಗೆ 500 ಮಾಡಿದೆ, ಅವರೂ ಒಪ್ಪಿದರು. ಏರಿಸದೆ ಬಿಟ್ಟೆ ಅಂತ ದೊಡ್ಡಸ್ತಿಕೆ ಹೇಳಲಾರೆ. ಅವರು ತೀರಿಕೊಂಡ ಮೇಲೆ ಮಗಳು ಎರಡು ವರ್ಷ ಇದ್ದು, ಆಮೇಲೆ ಹೊಸಪೇಟೆಗೆ ಹೋದರು. ನಾನು ಹೋಗಿ ಅಂದಿರಲಿಲ್ಲ.

ಮೇಲಿನ ಮನೆಯವರ ಕಥೆ ಮುಗಿಸಿಬಿಡುತ್ತೇನೆ. ವಕೀಲರು ಹೇಳಿದರು: "ರಿಜಿಸ್ಟರ್ ಆಗದ ಭೋಗ್ಯ ಅಂತ ಹೋರಾಡಬಹುದು. ಗೆದ್ದರೂ ಗೆಲ್ಲಬಹುದು. ಅಷ್ಟರಲ್ಲಿ ಮೇಲಿನ ಮನೆಯ ಮಗು ಕಾಲೇಜಿಗೆ ಹೋಗುತ್ತಿರುತ್ತದೆ." ಆ ಮಗು ಆಗ ಒಂದನೇ ಕ್ಲಾಸು. ನಾನು ರಾಜಿಗೆ ಬಂದೆ. ಎರಡು ಕಂತಿನಲ್ಲಿ ಒಂದೂವರೆ ಲಕ್ಷ ಕೊಡುವುದು, ಎರಡನೇ ಕಂತಿನ ದಿನ ಅವರು ಬೀಗದ ಕೈ ಕೊಡುವುದು. ಬಾಯಿಮಾತಿಗೆ ಬಿಡಲಿಲ್ಲ, ಲೋಕ ಅದಾಲತ್ತಿನಲ್ಲಿ ಬರೆಸಿದೆವು. ಇದನ್ನು ನೀವು ನೆನಪಿಟ್ಟುಕೊಳ್ಳಿ. ಕೇಸು ಹಾಕುವ ಮೊದಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, ಕೋರ್ಟ್ ಆವರಣದಲ್ಲೇ ಇರುತ್ತದೆ. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಅಪೀಲು ಇಲ್ಲ. 1987ರ ಕಾಯ್ದೆ ಹಾಗೆ ಹೇಳುತ್ತದೆ. "ಮಾರ್ಚಿಗೆ ಬಿಡ್ತೀವಿ" ಅಂತ ಛಾಪಾ ಕಾಗದದಲ್ಲಿ ಬರೆದುಕೊಟ್ಟು ಮಾರ್ಚಿಗೆ ಬಿಡದಿದ್ದರೆ ನೀವು ಮೊದಲಿನಿಂದ ದಾವೆ ಹೂಡಬೇಕು. ಲೋಕ ಅದಾಲತ್ತಿನಲ್ಲಿ ಬರೆದದ್ದಾದರೆ ನೇರ ಜಾರಿಗೆ ಹೋಗಬಹುದು. ಬಿಟ್ಟು ಹೋಗುವವರಿಗೆ ಸಾಗಣೆ ಖರ್ಚು, ಒಂದೆರಡು ತಿಂಗಳ ಬಾಡಿಗೆ ಮಾಫಿ ಕೊಡಲು ನಮ್ಮ ಜನಕ್ಕೆ ಹೊಟ್ಟೆ ಉರಿಯುತ್ತದೆ. "ನನ್ನ ಮನಿ ಬಿಡಾಕ ನಾನ್ಯಾಕ ದುಡ್ಡು ಕೊಡ್ಲಿ" ಅನ್ನುತ್ತಾರೆ. ನಾಲ್ಕು ವರ್ಷದ ಕೋರ್ಟ್ ಖರ್ಚು ಒಂದು ಚೀಟಿಯಲ್ಲಿ ಬರೆದು ಪಕ್ಕಕ್ಕಿಟ್ಟು ನೋಡಿ.

ಮಾತು ಮುಗಿಸಿ ಚಹಾ ಕುಡಿಯುತ್ತಿದ್ದಾಗ ಗಂಡ ಹೆಂಡತಿ ಇಬ್ಬರು ಬಂದರು. ಗಂಡ ರೈಲ್ವೆಯಲ್ಲಿದ್ದು ನಿವೃತ್ತರಾದವರು. ಕವರಿನಿಂದ ಕ್ರಯಪತ್ರದ ಡ್ರಾಫ್ಟ್ ತೆಗೆದು, ಒಮ್ಮೆ ಕಣ್ಣಾಡಿಸಿ ಅಂದರು. ಪಾರ್ವತಿನಗರದ ಕಡೆ ಮನೆ. ನಾನು ಕನ್ನಡಕ ಹಾಕಿಕೊಂಡು ನೇರ ಮೂರನೇ ಪುಟಕ್ಕೆ ಹೋದೆ. ಇತ್ತು. ಖಾಲಿ ಸ್ವಾಧೀನವನ್ನು ಈ ದಿವಸವೇ ನಿಮಗೆ ಬಿಟ್ಟುಕೊಟ್ಟಿರುತ್ತೇನೆ.

"ಮನೆಯಲ್ಲಿ ಯಾರಾದರೂ ಇದ್ದಾರಾ?"

"ಮೇಲೆ ಒಂದು ಫ್ಯಾಮಿಲಿ ಐತ್ರಿ" ಅಂದರು ಆ ತಾಯಿ.

"ಮಾತಾಡಿಸಿದ್ದೀರಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ರಿಜಿಸ್ಟ್ರೇಷನ್ ಯಾವಾಗ?"

"ಸೋಮವಾರ ಹನ್ನೊಂದಕ್ಕೆ."

ಪೆನ್ನು ತೆಗೆದು ಆ ಸಾಲಿನ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿ ಬರೆಯಬೇಕಾದ ಜಾಗ ಖಾಲಿ ಬಿಟ್ಟೆ. "ನಾಳೆ ಭಾನುವಾರ, ಮನೆಯಲ್ಲೇ ಸಿಗುತ್ತಾರೆ. ಮಾರುವವರನ್ನೂ ಕರೆದುಕೊಂಡು ಹೋಗಿ" ಅಂದೆ. ಆ ತಾಯಿ ಬ್ಯಾಗಿನಿಂದ ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದೆ ಇಟ್ಟರು. "ಏನೇನು ಕೇಳಬೇಕು, ಇದರಾಗ ಬರದು ಕೊಡ್ರಿ."